ಅಕ್ಕನ ಪರದೆಗೆ ಒಗ್ಗಿದ ಅಗಲ

ಮನೆಗೆ ಬಂದವರ ಮುಂದೆ ಹೇಳಿಕೊಳ್ಳಲು ತುಸು ನಾಚಿಕೆಯಾಗುವಂಥ ಒಂದು ಚಟ ನನಗಿದೆ. ಎಲೆ ಅಡಿಕೆಯದಲ್ಲ, ಧಾರಾವಾಹಿಯದೂ ಅಲ್ಲ. ಕಂಪ್ಯೂಟರಿನ ಪರದೆಯ ಮೇಲಿನ ವಿಂಡೋಗಳನ್ನು ಅಗಲ ಮಾಡುವುದು, ಕಿರಿದು ಮಾಡುವುದು, ಇದರ ಪಕ್ಕಕ್ಕೆ ಅದು, ಅದರ ಕೆಳಗೆ ಇದು ಎಂದು ಜೋಡಿಸುತ್ತ ಕೂರುವುದು. ಶಿಗ್ಗಾಂವದ ಕಾಲೇಜೊಂದರಲ್ಲಿ ನಾನು ಗಣಿತ ಕಲಿಸುತ್ತೇನೆ. ಪ್ರಶ್ನೆಪತ್ರಿಕೆ ತಯಾರಿಸಲು ಕುಳಿತೆನೆಂದರೆ ಪಠ್ಯಪುಸ್ತಕದ ವಿಂಡೋ ಎಷ್ಟು ಅಗಲವಿರಬೇಕು, ಪ್ರಶ್ನೆ ಬರೆಯುವ ವಿಂಡೋ ಎಷ್ಟಿರಬೇಕು ಎಂಬುದು ಮೊದಲು ತೀರ್ಮಾನವಾಗಬೇಕು. ಅದು ತೀರ್ಮಾನವಾಗುವಷ್ಟರಲ್ಲಿ ಚಹಾ ಆರಿರುತ್ತದೆ, ಪ್ರಶ್ನೆ ಒಂದೂ ಹುಟ್ಟಿರುವುದಿಲ್ಲ. ಅಡುಗೆಮನೆಗೆ ಹೋಗಿ ಡಬ್ಬಿಗಳನ್ನಷ್ಟೇ ಸಾಲಾಗಿ ಜೋಡಿಸಿ, ಒಲೆ ಹಚ್ಚದೆ ಹೊರಗೆ ಬರುವ ಹೆಂಗಸು ಎಂದು ನನ್ನ ಯಜಮಾನರು ನನ್ನನ್ನು ಬಣ್ಣಿಸುತ್ತಾರೆ. ಅವರು ಹೇಳುವುದರಲ್ಲಿ ತಪ್ಪೇನಿಲ್ಲ.

ಈ ಚಟ ಕೈಮೀರಿದ್ದು ಎರಡು ವರ್ಷದ ಹಿಂದಿನ ಬೇಸಿಗೆ ರಜೆಯಲ್ಲಿ. ಆಗ ನನ್ನ ಲ್ಯಾಪ್‌ಟಾಪಿಗೆ ಹೊಸದೊಂದು ವ್ಯವಸ್ಥೆ ಹಾಕಿಕೊಂಡೆ. ನೀವು ದಿನವೂ ನೋಡುವ ಕಂಪ್ಯೂಟರಿನಲ್ಲಿ ವಿಂಡೋಗಳು ಒಂದರ ಮೇಲೊಂದು ಬಿದ್ದಿರುತ್ತವೆ, ಮದುವೆಮನೆಯ ಕೋಣೆಯಲ್ಲಿ ಬ್ಯಾಗುಗಳು ಬಿದ್ದಿರುವ ಹಾಗೆ. ಬೇಕಾದದ್ದು ಯಾವಾಗಲೂ ಅಡಿಯಲ್ಲೇ ಇರುತ್ತದೆ. ನಾನು ಹಾಕಿಕೊಂಡದ್ದರಲ್ಲಿ ಹಾಗಿಲ್ಲ. ಇಲ್ಲಿ ವಿಂಡೋಗಳು ಎಡದಿಂದ ಬಲಕ್ಕೆ ಒಂದು ಸಾಲಾಗಿ ನಿಲ್ಲುತ್ತವೆ. ಆ ಸಾಲು ಪರದೆ ಮುಗಿದಲ್ಲಿ ಮುಗಿಯುವುದಿಲ್ಲ, ಆಚೆಗೂ ಹೋಗುತ್ತದೆ. ಹೊಸ ವಿಂಡೋ ತೆರೆದರೆ ಅದು ಇದ್ದವರನ್ನು ಒತ್ತರಿಸಿ ಜಾಗ ಮಾಡಿಕೊಳ್ಳುವುದಿಲ್ಲ, ಪಕ್ಕದಲ್ಲಿ ಹೋಗಿ ನಿಲ್ಲುತ್ತದೆ. ಸಾಲು ಉದ್ದವಾಯಿತೇ, ಆಗಲಿ. ಒಂದು ಕೀ ಒತ್ತಿದರೆ ಇಡೀ ಸಾಲು ಸರಿದು ಬೇಕಾದದ್ದು ಕಣ್ಣೆದುರಿಗೆ ಬರುತ್ತದೆ. ಇನ್ನೊಂದು ಕೀಗೆ ಅದರ ಅಗಲ ಮೂರನೇ ಒಂದು ಪಾಲಾಗುತ್ತದೆ, ಮತ್ತೆ ಒತ್ತಿದರೆ ಅರ್ಧ, ಮತ್ತೆ ಒತ್ತಿದರೆ ಮೂರನೇ ಎರಡು ಪಾಲು. ಗಣಿತದವಳಿಗೆ ಭಿನ್ನರಾಶಿಗಳು ಹೀಗೆ ಕೈಬೆರಳಿಗೆ ಕುಣಿದರೆ ಇನ್ನೇನು ಬೇಕು ಹೇಳಿ.

ವಿಂಡೋ ಎಂದರೆ ಕಿಟಕಿ. ನಮ್ಮ ಕಡೆ ಮಂದಿಯ ಬಾಯಲ್ಲಿ ಅದು ಕಿಡಕಿ, ಮರಾಠಿ ಹಿಂದಿಗಳ ಕಡೆಯಿಂದ ಬಂದ ಮಾತು. ಸಂಸ್ಕೃತದಲ್ಲಿ ಅದೇ ಗವಾಕ್ಷ, ಅಂದರೆ ಆಕಳ ಕಣ್ಣು. ಇಂಗ್ಲಿಷಿನ ಶಬ್ದದ ಮೂಲ ಹುಡುಕಿದರೆ ಅಲ್ಲಿಯೂ ಒಂದು ಕಣ್ಣಿದೆ, ಅದು ಗಾಳಿಯ ಕಣ್ಣಂತೆ. ಒಬ್ಬರಿಗೆ ಗೋಡೆಯ ತೂತಿನಲ್ಲಿ ಆಕಳು ಕಂಡಿದೆ, ಚಳಿ ದೇಶದ ಇನ್ನೊಬ್ಬರಿಗೆ ಗಾಳಿ ಕಂಡಿದೆ. ನಮ್ಮ ಹಳೇ ಮಾಳಿಗೆ ಮನೆಗಳಲ್ಲಿ ಗೋಡೆಗೆ ಕಿಟಕಿಯೇ ಇರುತ್ತಿರಲಿಲ್ಲ, ಮೇಲೆ ಒಂದು ಬೆಳಕಿಂಡಿ. ಅದರ ಅಗಲ ಹೆಚ್ಚು ಕಡಿಮೆ ಮಾಡುವ ಪ್ರಶ್ನೆಯೇ ಬರುತ್ತಿರಲಿಲ್ಲ. ಮಳೆ ಬಂದರೆ ಮುಚ್ಚುವುದು, ನಿಂತರೆ ತೆಗೆಯುವುದು, ಮುಗಿಯಿತು. ಆ ಮನೆಯಲ್ಲಿ ಹುಟ್ಟಿ ಬೆಳೆದ ನಾನು ಕಿಟಕಿಯ ಅಗಲವನ್ನೇ ಒಂದು ಉದ್ಯೋಗ ಮಾಡಿಕೊಂಡದ್ದನ್ನು ನಮ್ಮವ್ವ ಇದ್ದಿದ್ದರೆ ಆಕೆಗೆ ತಿಳಿಸುವುದು ಕಷ್ಟವಿತ್ತು.

ಈ ಚಟದಿಂದ ನನಗಲ್ಲದೆ ಇನ್ನೊಬ್ಬರಿಗೆ ಉಪಯೋಗವಾದೀತು ಎಂದು ನಾನು ಎಣಿಸಿರಲಿಲ್ಲ. ಆದದ್ದು ನಮ್ಮಕ್ಕನ ದೆಸೆಯಿಂದ.

ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ಹೆಸರು ಸುಮಂಗಲಾ. ಹಾನಗಲ್ಲಿನಲ್ಲಿ ಹೈಸ್ಕೂಲಿನ ಹಿಂದಿ ಟೀಚರ್ ಆಗಿದ್ದು ನಿವೃತ್ತಳಾದ ಮೇಲೆ ಮರಾಠಿಯಿಂದ ಕನ್ನಡಕ್ಕೆ ಅನುವಾದ ಮಾಡುವುದನ್ನು ಹಚ್ಚಿಕೊಂಡಳು. ಅವಳ ಗಂಡ, ನಾನು ಮಾಮಾ ಎಂದು ಕರೆಯುವವರು, ಮೊದಲು ಭತ್ತದ ವ್ಯಾಪಾರದಲ್ಲಿದ್ದರು. ಈಗ ಪಡಸಾಲೆಯಲ್ಲಿ ಕೂತು ಅಕ್ಕನ ಅನುವಾದಕ್ಕೆ ಮೊದಲ ಓದುಗರಾಗಿದ್ದಾರೆ. ಓದಿ ಅವರು ಕೊಡುವ ಅಭಿಪ್ರಾಯ ಎರಡೇ ಬಗೆಯದು. ಚಲೋ ಐತಿ, ಇಲ್ಲವೇ ಇದನ್ನ ಇನ್ನೊಮ್ಮೆ ನೋಡು.

ಆ ಬೇಸಿಗೆಯ ಮುಂದಿನ ಚಳಿಗಾಲದಲ್ಲಿ ಅಕ್ಕನ ಕೈಯಲ್ಲಿದ್ದದ್ದು ಮರಾಠಿಯ ಹೆಣ್ಣುಮಗಳೊಬ್ಬಳು ತನ್ನ ಹಿತ್ತಲಿನ ಗಿಡಗಳ ಬಗ್ಗೆ ಬರೆದ ಪುಸ್ತಕ. ಒಂದೊಂದು ಗಿಡಕ್ಕೆ ಒಂದೊಂದು ಅಧ್ಯಾಯ. ಸವಣೂರಿನಲ್ಲಿ ಸಣ್ಣದಾಗಿ ಪ್ರಕಾಶನ ನಡೆಸುವ ಮಾಮಾರ ಹಳೇ ಪರಿಚಯದವರೊಬ್ಬರು ಅದನ್ನು ಒಪ್ಪಿಸಿದ್ದರು. ಅಕ್ಕನಿಗೆ ಆ ಪುಸ್ತಕದ ಮೇಲೆ ಬಲು ಪ್ರೀತಿ. ಫೋನ್ ಮಾಡಿದಾಗಲೆಲ್ಲ ಇವತ್ತು ದಾಸವಾಳ ಮುಗೀತು, ನಾಳೆಯಿಂದ ಕರಿಬೇವು ಎಂದು ಗಿಡದ ಲೆಕ್ಕದಲ್ಲೇ ಸುದ್ದಿ ಹೇಳುತ್ತಿದ್ದಳು. ಹಾಗಿದ್ದವಳು ಒಂದು ದಿನ, ಪುಸ್ತಕ ವಾಪಸ್ಸು ಕೊಡುತ್ತೇನೆ, ಬೇರೆ ಯಾರಿಗಾದರೂ ಕೊಡಲಿ, ನನಗೆ ಬ್ಯಾಸರ ಬಂದಿದೆ ಎಂದಳು. ಅಕ್ಕನಿಗೆ ಬ್ಯಾಸರ ಬಂದದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಮುಂದಿನ ರವಿವಾರ ಹಾನಗಲ್ ಬಸ್ಸು ಹತ್ತಿದೆ.

ಹೋದಾಗ ಅಕ್ಕ ಕಂಪ್ಯೂಟರಿನ ಮುಂದೆಯೇ ಇದ್ದಳು. ನಾನು ಬಂದದ್ದು ಅವಳಿಗೆ ಕೇಳಿಸಿರಲಿಲ್ಲ. ಬಾಗಿಲಲ್ಲಿ ನಿಂತು ನೋಡಿದೆ. ಮರಾಠಿ ಪುಟದ ವಿಂಡೋವನ್ನು ಮೌಸಿನಿಂದ ಹಿಡಿದು ಪಕ್ಕಕ್ಕೆ ಎಳೆಯಲು ನೋಡುತ್ತಿದ್ದಳು. ಮೌಸಿನ ಮೇಲಿನ ಕೈ ನಡುಗುತ್ತಿತ್ತು. ಅದರ ಜೊತೆಗೆ ಪರದೆಯ ಮೇಲಿನ ಬಾಣವೂ ನಡುಗುತ್ತ ವಿಂಡೋದ ಅಂಚಿನ ಹತ್ತಿರ ಹೋಗುವುದು, ದಾಟಿಬಿಡುವುದು, ಮತ್ತೆ ಹೋಗುವುದು. ಒಮ್ಮೆ ಹಿಡಿತಕ್ಕೆ ಸಿಕ್ಕಿತು, ಆದರೆ ಎಳೆಯುವಾಗ ಕೈ ಜಾರಿ ವಿಂಡೋ ಎಲ್ಲಿಗೋ ಹೋಗಿ ಬಿತ್ತು. ಅಕ್ಕ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಇನ್ನೊಂದು ಕೈಯಿಂದ ಅದನ್ನು ಒತ್ತಿ ಹಿಡಿದು ಸುಮ್ಮನೆ ಕೂತಳು. ನಾನು ಎರಡು ಹೆಜ್ಜೆ ಹಿಂದೆ ಸರಿದು, ಆಗಷ್ಟೇ ಬಂದವಳಂತೆ ಚಪ್ಪಲಿ ಸಪ್ಪಳ ಮಾಡಿದೆ.

ಊಟವಾದ ಮೇಲೆ ಮೆಲ್ಲಗೆ ಕೇಳಿದೆ. ಅಕ್ಕ ಮೊದಲು ಮಾತು ಹಾರಿಸಿದಳು. ಆಮೇಲೆ ಹೇಳಿದಳು. ಹುಬ್ಬಳ್ಳಿಗೆ ಹೋಗಿ ತೋರಿಸಿಕೊಂಡು ಬಂದಿದ್ದರಂತೆ. ಹೆದರುವಂಥ ರೋಗವಲ್ಲ, ಕೆಲವರಿಗೆ ವಯಸ್ಸಿನೊಂದಿಗೆ ಬರುವ ನಡುಕ, ಗುಳಿಗೆಯಿಂದ ಸ್ವಲ್ಪ ಕಡಿಮೆ ಆದೀತು, ಪೂರಾ ಹೋಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ಮನೆಯಲ್ಲಿ ಮಾಮಾರನ್ನು ಬಿಟ್ಟು ಇನ್ನಾರಿಗೂ ಗೊತ್ತಿರಲಿಲ್ಲ. ಮದುವೆ ಮುಂಜಿಗೆ ಹೋಗುವುದನ್ನು ಅಕ್ಕ ಬಿಟ್ಟಿದ್ದಳು. ಹೋದರೂ ಸೆರಗಿನೊಳಗೆ ಕೈ ಇಟ್ಟುಕೊಂಡೇ ಇರುತ್ತಿದ್ದಳಂತೆ.

"ಟೈಪ್ ಮಾಡಾಕ ಬರ್ತೈತಿ. ಮಣಿಕಟ್ಟು ಮೇಜಿನ ಮ್ಯಾಲ ಊರಿ ಒಂದೊಂದ ಅಕ್ಷರ ಹೊಡೀತೇನಿ. ಆದ್ರ ಆ ಗೆರಿ ಕೈಗೆ ಸಿಗೂದಿಲ್ಲ ನೋಡು. ಕೂದಲದಷ್ಟು ಸಣ್ಣ ಗೆರಿ, ಅದನ್ನ ಹಿಡಿಯೂದ್ರಾಗ ನನ್ನ ದಿನಾನ ಹೋಗತೈತಿ," ಎಂದಳು.

ಗೆರೆ ಎಂದರೆ ವಿಂಡೋದ ಅಂಚು. ಆ ಮಾತು ಕೇಳಿ ನನಗೆ ಸಂಕಟವೂ ಆಯಿತು, ಒಳಗೊಳಗೆ ಉತ್ಸಾಹವೂ ಆಯಿತು. ಉತ್ಸಾಹಪಡುವ ಹೊತ್ತು ಅದಲ್ಲ ಎಂದು ಗೊತ್ತಿತ್ತು, ಆದರೂ ಚಟದವರ ಪಾಡು ನಿಮಗೆ ತಿಳಿಯದ್ದಲ್ಲ. ಗೆರೆಯನ್ನು ಹಿಡಿಯುವ ಅಗತ್ಯವೇ ಇಲ್ಲದ ವ್ಯವಸ್ಥೆ ನನ್ನ ಹತ್ತಿರ ಇತ್ತು. ಅಲ್ಲಿ ಅಗಲ ಮಾಡಲು, ಸರಿಸಲು ಎಲ್ಲಕ್ಕೂ ಕೀಲಿಮಣೆಯೇ ಸಾಕು. ಸವಣೂರಿನ ಪ್ರಕಾಶಕರಿಗೆ ನಾನೇ ಫೋನ್ ಮಾಡಿ ಪುಸ್ತಕವನ್ನು ಬೇರೆಯವರಿಗೆ ಕೊಡಬೇಡಿ ಎಂದು ಕೇಳಿಕೊಂಡೆ. ಒಳ್ಳೆಯ ಮನುಷ್ಯರು, ಉಗಾದಿ ತನಕ ಕಾಯುತ್ತೇನೆ ಎಂದರು, ಅದರಾಚೆ ತಮಗೂ ಕಷ್ಟ ಎಂದೂ ಹೇಳಿದರು.

ಅವತ್ತು ಮಧ್ಯಾಹ್ನವೇ ಅಕ್ಕನ ಲ್ಯಾಪ್‌ಟಾಪಿಗೆ ಎಲ್ಲ ಹಾಕಿಕೊಟ್ಟೆ. ಎಡಕ್ಕೆ ಮರಾಠಿ ಪುಟ, ಪರದೆಯ ಅರ್ಧ. ಬಲಕ್ಕೆ ಕನ್ನಡ ಬರೆಯುವುದು, ಉಳಿದರ್ಧ. ನಿಘಂಟು ಪರದೆಯ ಆಚೆ, ಬೇಕಾದಾಗ ಸರಿಸಿಕೊಂಡರಾಯಿತು. ನಡುವಿನ ಸಂದು ಇಷ್ಟೇ ಇರಬೇಕು, ಕೆಲಸ ನಡೆಯುತ್ತಿರುವ ವಿಂಡೋದ ಸುತ್ತ ತಿಳಿನೀಲಿ ಅಂಚು ಬರಬೇಕು ಎಂದು ಒಂದೊಂದನ್ನೂ ತಿದ್ದಿ ತೀಡಿ ಇಟ್ಟೆ. ಅಕ್ಕ ಪಕ್ಕದಲ್ಲಿ ಕೂತು ಹೂಂ ಹೂಂ ಎನ್ನುತ್ತಿದ್ದಳು. ಮಾಮಾ ಬಂದು ನೋಡಿ, ಚಲೋ ಐತಿ ಎಂದರು. ಸಂಜೆಯ ಬಸ್ಸಿನಲ್ಲಿ ಶಿಗ್ಗಾಂವಕ್ಕೆ ಬರುವಾಗ, ಯಾವ ಪರೀಕ್ಷೆಯಲ್ಲಿ ಪಾಸಾದಾಗಲೂ ಆಗದಷ್ಟು ಸಂತೋಷ ನನಗಾಗಿತ್ತು.

ಎರಡು ದಿನ ಬಿಟ್ಟು ಅಕ್ಕನ ಫೋನ್ ಬಂತು. ದನಿ ಬಹಳ ತಗ್ಗಿತ್ತು.

"ಹೋತವಾ. ನುಗ್ಗಿಕಾಯಿ ಎಲ್ಲಾ ಹೋತು. ನೀ ಏನೂ ಅನ್ಕೋಬ್ಯಾಡ, ನನ್ನ ಕೈಯಾಗ ಆಗೂ ಕೆಲಸ ಅಲ್ಲ ಇದು."

ನುಗ್ಗೆ ಗಿಡದ ಅಧ್ಯಾಯ ಅದು. ಪುಸ್ತಕದಲ್ಲಿಯೇ ಅತಿ ಉದ್ದದ್ದು, ಅಕ್ಕ ಮುಕ್ಕಾಲು ಮುಗಿಸಿದ್ದಳು. ವಿಚಾರಿಸಿದರೆ ಆದದ್ದಿಷ್ಟು. ಮರಾಠಿಯ ಒಂದು ಶಬ್ದಕ್ಕೆ ಅರ್ಥ ನೋಡಲು ನಿಘಂಟಿನ ಕಡೆಗೆ ಹೋಗಿದ್ದಾಳೆ. ಕೈ ನಡುಗಿ ಒಮ್ಮೆ ಒತ್ತಬೇಕಾದ ಕೀ ಮೂರು ಸಲ ಒತ್ತಿದೆ. ನಿಘಂಟು ದಾಟಿ, ಅದರಾಚೆ ಎಂದೋ ತೆರೆದಿಟ್ಟ ಪಂಚಾಂಗ ದಾಟಿ, ಮಾಮಾ ನೋಡಿ ಬಿಟ್ಟ ಹವಾಮಾನದ ಪುಟ ಬಂದು ಎದುರಿಗೆ ನಿಂತಿದೆ. ಬರೆದದ್ದು ಎಲ್ಲಿಯೂ ಕಾಣುತ್ತಿಲ್ಲ. ಗಾಬರಿಯಾಗಿ ಏನೇನೋ ಒತ್ತಿದ್ದಾಳೆ. ಒಂದೆರಡು ವಿಂಡೋಗಳು ಮುಚ್ಚಿಯೂ ಹೋಗಿವೆ.

ಅದು ಎಲ್ಲಿಗೂ ಹೋಗಿಲ್ಲ, ಎಡಗಡೆಗೆ ಇದ್ದೇ ಇದೆ ಎಂದು ನಾನು ಫೋನಿನಲ್ಲಿ ಹೇಳುತ್ತಲೇ ಇದ್ದೆ. ಕೊನೆಗೆ ಮಾಮಾರು ಕನ್ನಡಕ ಹಾಕಿಕೊಂಡು ಬಂದು, ನಾನು ಹೇಳಿದ ಕೀ ಒಂದೊಂದಾಗಿ ಒತ್ತಿದರು. ನುಗ್ಗೆ ಸಿಕ್ಕಿತು, ಒಂದಕ್ಷರವೂ ಹೋಗಿರಲಿಲ್ಲ. ಸಿಕ್ಕಿತಂತ ಹೇಳ್ರಿ ಅಕ್ಕಗ ಎಂದೆ. ಆಕಿ ಒಳಗ ಹೋಗ್ಯಾಳ ಎಂದರು ಮಾಮಾ. ಅಂದಿನಿಂದ ಅಕ್ಕ ಲ್ಯಾಪ್‌ಟಾಪಿನ ಮುಚ್ಚಳ ತೆರೆಯಲಿಲ್ಲ.

ಉಗಾದಿ ದೂರ ಇರಲಿಲ್ಲ. ನನಗೆ ಕಾಲೇಜಿನಲ್ಲಿ ಪಾಠ ಮಾಡುವಾಗಲೂ ಅದೇ ಚಿಂತೆ. ಪುಸ್ತಕ ಹೋದರೆ ಹೋಗಲಿ, ಅದೇನು ದೊಡ್ಡದಲ್ಲ. ಆದರೆ ಅಕ್ಕ ತನ್ನ ಕೈಯಿಂದ ಏನೂ ಆಗುವುದಿಲ್ಲ ಎಂದು ಒಮ್ಮೆ ನಂಬಿಬಿಟ್ಟರೆ ಆ ನಂಬಿಕೆಯನ್ನು ಅಲುಗಿಸುವವರು ನಮ್ಮ ಮನೆತನದಲ್ಲಿ ಇಲ್ಲ. ಅಷ್ಟು ಗಟ್ಟಿ ಹೆಂಗಸು ಅವಳು.

ಮತ್ತೊಂದು ರವಿವಾರ ಹೋದೆ. ಈ ಸಲ ಕಂಪ್ಯೂಟರಿನ ಸುದ್ದಿ ತೆಗೆಯಬಾರದೆಂದು ನಿಶ್ಚಯಿಸಿಕೊಂಡು ಅಡುಗೆಮನೆಯಲ್ಲಿ ಅವಳ ಎದುರು ಕೂತೆ. ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ರೊಟ್ಟಿ ಬಡಿಯುವಾಗ ಅವಳ ಕೈ ನಡುಗುವುದು ಗೊತ್ತೇ ಆಗುವುದಿಲ್ಲ. ತಟ್ಟಿ ತಿರುಗಿಸುವ ರಭಸದಲ್ಲಿ ಆ ನಡುಕ ಎಲ್ಲಿಯೋ ಸೇರಿಹೋಗುತ್ತದೆ. ನಾನು ಆ ಕೈಯನ್ನೇ ನೋಡುತ್ತಿದ್ದದ್ದು ಅವಳಿಗೆ ತಿಳಿಯಿತೆಂದು ಕಾಣುತ್ತದೆ. ತಾನೇ ಮಾತು ತೆಗೆದಳು.

"ನೀ ಮಾಡಿಕೊಟ್ಟಿದ್ದು ಚಲೋನ ಐತಿ. ಆದ್ರ ಕಣ್ಣಿಗೆ ಕಾಣಲಾರದ್ದು ಅಲ್ಲೇ ಐತಿ ಅಂತ ನಂಬಿ ಕುಂಡ್ರು ಅಂದ್ರ ನನಗ ಆಗೂದಿಲ್ಲವಾ. ಪೂರ್ತಿ ಬ್ಯಾಡ. ಒಂದೀಟು ಅಂಚಾದ್ರೂ ಕಾಣಬೇಕು."

ಅಕ್ಕ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ ಮುಂದುವರಿಸಿದಳು. ಇನ್ನೊಂದು ಮಾತೂ ಇತ್ತು. ನಾನು ಮರಾಠಿಯನ್ನೂ ಕನ್ನಡವನ್ನೂ ಅರ್ಧ ಅರ್ಧ ಇಟ್ಟುಕೊಟ್ಟದ್ದು ಅವಳಿಗೆ ಸೇರಿರಲಿಲ್ಲ. ಅವಳು ಕೆಲಸ ಮಾಡುವ ರೀತಿಯೇ ಬೇರೆ. ಮರಾಠಿಯ ಒಂದು ವಾಕ್ಯವನ್ನು ಪೂರಾ ಓದಿ ಮನಸ್ಸಿಗೆ ತಂದುಕೊಳ್ಳುತ್ತಾಳೆ. ಆಮೇಲೆ ಆ ಪುಟವನ್ನು ಬದಿಗೆ ಸರಿಸಿ ಕನ್ನಡವನ್ನಷ್ಟೇ ಮುಂದೆ ಇಟ್ಟುಕೊಂಡು ಬರೆಯುತ್ತಾಳೆ. ಮರಾಠಿ ಕಣ್ಣೆದುರಿಗೇ ಇದ್ದರೆ ತನ್ನ ಕನ್ನಡವೂ ಅದರಂತೆ ನಡೆಯತೊಡಗುತ್ತದೆ ಎಂದಳು. ಅದಕ್ಕಾಗಿಯೇ ಅವಳು ಇಷ್ಟು ವರ್ಷ ಮೌಸಿನಿಂದ ಆ ವಿಂಡೋವನ್ನು ಎಳೆದೆಳೆದು ಬದಿಗೆ ಇಡುತ್ತಿದ್ದದ್ದು, ಅದರ ಒಂದು ಅಂಚು ಮಾತ್ರ ಕಾಣುವ ಹಾಗೆ. ನಾನು ಬಾಗಿಲಲ್ಲಿ ನಿಂತು ನೋಡಿದ್ದೂ ಅದನ್ನೇ. ನೋಡಿ, ಪಾಪ ಎಷ್ಟು ಅಸ್ತವ್ಯಸ್ತ ಎಂದುಕೊಂಡು ನನ್ನ ಭಿನ್ನರಾಶಿಗಳನ್ನು ತಂದು ಸುರಿದಿದ್ದೆ.

ಊಟ ಮಾಡಿ ಇಬ್ಬರೂ ಕೂತೆವು. ಈ ಸಲ ಲ್ಯಾಪ್‌ಟಾಪ್ ಅಕ್ಕನ ಮುಂದೆ, ನಾನು ಪಕ್ಕದಲ್ಲಿ. ಕನ್ನಡ ಬರೆಯುವಾಗ ಆ ವಿಂಡೋ ನಡುವಿಗೇ ಬರಬೇಕು ಎಂದಳು, ಹಾಗೆ ಮಾಡಿದೆ. ಎಷ್ಟು ಅಗಲ ಬೇಕು ಎಂದರೆ, ಓದುವಾಗ ಕುತ್ತಿಗೆ ಆಚೆ ಈಚೆ ಹೊರಳಬಾರದು ಅಷ್ಟು ಎಂದಳು. ಅದು ಅರ್ಧವೂ ಅಲ್ಲ, ಮೂರನೇ ಎರಡು ಪಾಲೂ ಅಲ್ಲ. ಅವೆರಡರ ನಡುವೆ ಎಲ್ಲಿಯೋ ನಿಂತಿತು. ಎಡಕ್ಕೆ ಮರಾಠಿಯ ಅಂಚು ನಾಲ್ಕು ಬೆರಳಿನಷ್ಟು ಅಗಲಕ್ಕೆ ಕಾಣಿಸಿತು, ಬಲಕ್ಕೆ ನಿಘಂಟಿನ ಅಂಚು. ಪರದೆಯ ಜಾಗ ಹಾಗೆ ದಂಡವಾಗುವುದು ನನಗೆ ಎಂದಿಗೂ ಆಗಿಬರದು, ಆದರೂ ಹಾಗೆಯೇ ಇಟ್ಟೆ. ಒಂದು ಕೀ ಒಮ್ಮೆ ಒತ್ತಿದ ಮೇಲೆ, ಕೈ ನಡುಗಿ ಕೂಡಲೇ ಮತ್ತೆರಡು ಸಲ ಬಡಿದರೂ ಕಂಪ್ಯೂಟರು ಅದನ್ನು ಲೆಕ್ಕಕ್ಕೆ ಹಿಡಿಯದ ಹಾಗೆ ಮಾಡಿದೆ. ವಿಂಡೋ ಮುಚ್ಚುವ ಕೀಯನ್ನು ತೆಗೆದೇಹಾಕಿದೆ. ಪಂಚಾಂಗವನ್ನೂ ಹವಾಮಾನವನ್ನೂ ಈ ಸಾಲಿನಿಂದ ಎಬ್ಬಿಸಿ ಕೆಳಗಿನ ಇನ್ನೊಂದು ಸಾಲಿಗೆ ಕಳಿಸಿದೆವು. ಮಾಮಾರಿಗೆ ಅದು ತಿಳಿದು, ನನ್ನನ್ನ ಮನಿ ಹೊರಗ ಹಾಕಿದ್ರೇನ್ರಿ ಎಂದು ಪಡಸಾಲೆಯಿಂದ ಕೇಳಿದರು.

ಅಕ್ಕ ನುಗ್ಗೆಯ ಒಂದು ವಾಕ್ಯ ಮಾಡಿ ನೋಡಿದಳು. ಎಡಗೈಯಿಂದ ಒಂದು ಕೀ ಹಿಡಿದು ಬಲಗೈಯಿಂದ ಬಾಣದ ಕೀ ಒತ್ತಿದಳು. ಕೈ ನಡುಗಿತು, ಆದರೆ ಸಾಲು ಒಂದೇ ಹೆಜ್ಜೆ ಸರಿಯಿತು. ಮರಾಠಿ ನಡುವಿಗೆ ಬಂತು, ಕನ್ನಡ ಬದಿಗೆ ಹೋಗಿ ಅಂಚು ತೋರಿಸುತ್ತ ನಿಂತಿತು. ಓದಿದಳು. ಮತ್ತೆ ಒತ್ತಿದಳು. ಕನ್ನಡ ಬಂತು. ನನ್ನ ಕಡೆ ನೋಡಲಿಲ್ಲ, ಬರೆಯತೊಡಗಿದಳು. ಆ ವಾಕ್ಯ ಮುಗಿಸಿ ಇನ್ನೊಂದಕ್ಕೆ ಹೋದಳು. ನಾನು ಪಕ್ಕದಲ್ಲಿದ್ದದ್ದು ಅವಳಿಗೆ ಮರೆತಿತ್ತು. ಬಸ್ಸಿಗೆ ಹೊತ್ತಾಯಿತು ಎಂದು ಎದ್ದಾಗ, ಹೂಂ, ಹೋಗಿ ಬಾ ಎಂದಳು, ಪರದೆಯಿಂದ ಕಣ್ಣು ತೆಗೆಯದೆ. ಅಷ್ಟು ಚೆಂದದ ಬೀಳ್ಕೊಡುಗೆ ನನಗೆ ಯಾವತ್ತೂ ಸಿಕ್ಕಿಲ್ಲ.

ಪುಸ್ತಕ ಉಗಾದಿಗೆ ಮುಗಿಯಲಿಲ್ಲ. ನುಗ್ಗೆ, ಬಾಳೆ, ತುಳಸಿ ಮುಗಿದವು, ಇನ್ನೂ ಕೆಲವು ಗಿಡ ಉಳಿದವು. ಸವಣೂರಿನ ಪ್ರಕಾಶಕರು ತಾವೇ ಬಂದು, ಮುಗಿದಷ್ಟನ್ನು ಕೂತಲ್ಲೇ ಓದಿ, ಇನ್ನಷ್ಟು ಕಾಯುತ್ತೇವೆ ಎಂದು ಹೇಳಿ ಹೋದರು. ಕಾರಹುಣ್ಣಿಮೆಯ ಸುಮಾರಿಗೆ ಕೊನೆಯ ಗಿಡವೂ ಆಯಿತು. ಮಾಮಾರು ಆದಿಯಿಂದ ಅಂತ್ಯದವರೆಗೆ ಓದಿ, ಚಲೋ ಐತಿ ಎಂದರಂತೆ. ಅಷ್ಟಕ್ಕೆ ನಿಲ್ಲದೆ, ಹಿತ್ತಲಲ್ಲಿ ಒಂದು ನುಗ್ಗೆ ಟೊಂಗೆಯನ್ನೂ ನೆಟ್ಟರಂತೆ. ಅವರ ವಿಮರ್ಶೆಯಲ್ಲಿ ಇದೊಂದು ಹೊಸ ಬಗೆ.

ನಾನೂ ಒಂದು ದಿನ, ಅಕ್ಕನ ಹಾಗೆ ಎರಡೂ ಬದಿಗೆ ಅಂಚು ಬಿಟ್ಟು ನನ್ನ ಪರದೆಯನ್ನು ಜೋಡಿಸಿ ನೋಡಿದೆ. ಪ್ರಶ್ನೆಪತ್ರಿಕೆ ಬರೆಯುವಾಗ ಎಡಬದಿಯಲ್ಲಿ ಪಠ್ಯದ ಅಂಚು ಕಾಣುತ್ತಿದ್ದರೆ ಒಂದು ಬಗೆಯ ಧೈರ್ಯ ಇರುತ್ತದೆ, ಪರೀಕ್ಷೆಯಲ್ಲಿ ಪಕ್ಕದ ಬೆಂಚಿನಲ್ಲಿ ಜಾಣ ಹುಡುಗಿ ಕೂತ ಹಾಗೆ. ಆದರೂ ನನಗೆ ಒಗ್ಗಲಿಲ್ಲ. ಮರುದಿನ ಮತ್ತೆ ಮೂರು ಸಮಪಾಲು ಮಾಡಿಕೊಂಡೆ. ಯಜಮಾನರು ಹಾದುಹೋಗುತ್ತ, ಇವತ್ತು ಡಬ್ಬಿ ಯಾವ ಸಾಲಿನಾಗ ಬಂದ್ವು ಎಂದು ಕೇಳಿದರು.

ಈಚೆಗೆ ಅಕ್ಕ ಹಿರೇಕೆರೂರಿಗೆ ಹೋಗಿದ್ದಳು. ಅವಳ ಜೊತೆ ಹಿಂದೆ ಶಾಲೆಯಲ್ಲಿದ್ದ ರೇಣುಕಾ ಟೀಚರ್ ಊರು ಅದು. ಆಕೆಗೆ ಲಕ್ವಾ ಹೊಡೆದು ಬಲಗೈ ಎತ್ತಲು ಬರುವುದಿಲ್ಲ. ಶಾಲೆಯ ಮಕ್ಕಳಿಗೆ ನಾಟಕ ಬರೆದುಕೊಡುತ್ತಿದ್ದವರು ಅದನ್ನು ನಿಲ್ಲಿಸಿ ಕೂತಿದ್ದರು. ಅಕ್ಕ ಬರುತ್ತಾಳೆಂದು ಕೇಳಿ ಮನೆಯಲ್ಲಿ ಹಳೆಯ ಟೀಚರುಗಳು, ಓಣಿಯವರು ಎಲ್ಲ ಕೂಡಿದ್ದರಂತೆ. ಅಷ್ಟು ಮಂದಿಯ ನಡುವೆ ಅಕ್ಕ ತನ್ನ ಲ್ಯಾಪ್‌ಟಾಪು ತೆರೆದು, ಕೀಲಿಮಣೆಯ ಮೇಲೆ ಕೈ ಇಟ್ಟು, ಸಾಲು ಹೇಗೆ ಸರಿಯುತ್ತದೆಂದು ತೋರಿಸಿದಳಂತೆ. ಯಾರೋ ಒಬ್ಬರು, ಟೀಚರ್, ನಿಮ್ಮ ಕೈ ನಡುಗಾಕತ್ತೈತಲ್ರಿ ಎಂದರಂತೆ. ಇದನ್ನೆಲ್ಲ ನನಗೆ ಹೇಳಿದ್ದು ಜೊತೆಗೆ ಹೋಗಿದ್ದ ಮಾಮಾ. ಅಕ್ಕ ಏನೆಂದಳು ಎಂದು ನಾನು ಕೇಳಿದೆ.

"ಹೂನ್ರಿ, ನಡಗತೈತಿ, ನಡುಗ್ಲಿ ಬಿಡ್ರಿ, ಈಗ ಈ ಕಡೆ ನೋಡ್ರಿ ಅಂದ್ಲು," ಎಂದರು ಮಾಮಾ.

ರೇಣುಕಾ ಟೀಚರ್ ಕಂಪ್ಯೂಟರಿಗೂ ಅಕ್ಕ ಅದೇ ವ್ಯವಸ್ಥೆಯನ್ನು, ನಾನು ಫೋನಿನಲ್ಲಿ ಹೇಳಿಕೊಟ್ಟ ಹಾಗೆ, ಕೀಗಳೆಲ್ಲ ಎಡಗೈ ಒಂದಕ್ಕೇ ಎಟುಕುವಂತೆ, ಅರ್ಧ ದಿನ ಕೂತು ಹಾಕಿ ಬಂದಿದ್ದಳು. ಒಂದೇ ಕೈಯವರಿಗೆ ಯಾವ ಅಳತೆ ಸರಿಹೋದೀತು ಎಂದು ನಾನು ಅದಾಗಲೇ ಲೆಕ್ಕ ಹಾಕಿ ಇಟ್ಟಿದ್ದೆ. ಅಗಲ ಎಷ್ಟು ಇಟ್ಟೆ, ಅರ್ಧವೋ ಮೂರನೇ ಎರಡೋ ಎಂದು ಅಕ್ಕನನ್ನು ಕೇಳಿದೆ.

"ನನಗೇನ್ ಗೊತ್ತವಾ, ಆಕಿನ್ನ ಕೇಳ್ದೆ. ಸಾಕು ಅಂದಲ್ಲಿ ಬಿಟ್ಟೆ," ಎಂದಳು ಅಕ್ಕ.